ನಾಲ್ಕನೇ ನಂಬರಿನ ಟೀಚರಮ್ಮ

ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ನೀರು ಬರುವ ಹೊತ್ತಿಗೆ ಸರಿಯಾಗಿ ವಿಯೆಟ್ನಾಮಿನಲ್ಲಿ ಆಫೀಸು ಶುರುವಾಗುತ್ತದೆ. ಅವರ ಎಂಟು ಗಂಟೆ ನಮ್ಮ ಆರೂವರೆ. ಒಂದು ಕಡೆ ನಲ್ಲಿಯ ಗೊರಗೊರ, ಇನ್ನೊಂದು ಕಡೆ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆದುಕೊಳ್ಳುವ ಆರು ಚೌಕಗಳು. ನಾನು ಎರಡರ ಮಧ್ಯೆ ಓಡಾಡುತ್ತಲೇ ದಿನ ಶುರು ಮಾಡುತ್ತೇನೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಫೋನ್ ಸದ್ದು ಮಾಡಿದರೆ ಎದ್ದು ನೋಡಬೇಕು, ಸದ್ದು ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಎದ್ದು ನೋಡಬೇಕು. "ನಿನ್ನ ಕಾಲಿಗೆ ಚಕ್ರ ಕಟ್ಟಿದಾರೆ ಕಣೆ" ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ.

ಆ ಚೌಕಗಳಲ್ಲಿ ಕಾಣುವವರು ನನ್ನ ಟೀಮು. ವಿಯೆಟ್ನಾಮಿನ ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವ ಭಾಷಾತಜ್ಞರು. ಅವರನ್ನು ನೋಡಿಕೊಳ್ಳುವ ಮ್ಯಾನೇಜರ್ ನಾನು, ಅವರ ಭಾಷೆಯ ಒಂದಕ್ಷರ ಬಾರದವಳು. ಅದು ಹೇಗೆ ಸಾಧ್ಯ ಎಂದು ಯಾರಾದರೂ ಕೇಳಿದರೆ, ಅಡುಗೆ ಬಾರದವರು ಮುಂಬೈಯಲ್ಲಿ ಎಷ್ಟು ಹೋಟೆಲ್ ನಡೆಸುತ್ತಿಲ್ಲ ಎಂದು ತಿರುಗಿ ಕೇಳುತ್ತೇನೆ. ನಮ್ಮ ಕೆಲಸ ಕಂಪ್ಯೂಟರಿಗೆ ಮನುಷ್ಯರ ಮಾತು ಕಲಿಸುವುದು. ಆಗಿನ ಪಾಠ ಬೈಗುಳದ್ದು. ಇಂಟರ್ನೆಟ್‌ನಲ್ಲಿ ಜನ ಬರೆದ ವಾಕ್ಯಗಳನ್ನು ಓದಿ, ಇದು ಅವಮಾನ, ಇದು ಬರೀ ತಮಾಷೆ ಎಂದು ಗುರುತು ಹಾಕಬೇಕು. ಒಂದೇ ವಾಕ್ಯವನ್ನು ಇಬ್ಬರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದ ಹಾಗೆ ನೋಡುತ್ತಾರೆ. ಇಬ್ಬರೂ ಒಂದೇ ಹೇಳಿದರೆ ಸರಿ, ಬೇರೆ ಬೇರೆ ಹೇಳಿದರೆ ಮೂರನೆಯವರು ತೀರ್ಮಾನಿಸುತ್ತಾರೆ. ಯಾವ ಮಾತು ಎಲ್ಲರಿಗೂ ನೋಯುತ್ತದೆ, ಯಾವುದು ಕೆಲವರಿಗೆ ಮಾತ್ರ ನೋಯುತ್ತದೆ ಎಂದು ಯಂತ್ರ ಹಾಗೆ ಕಲಿಯುತ್ತದೆ.

ಆ ಆರು ಜನರಲ್ಲಿ ಹಿರಿಯರೂ ಟೀಮಿನ ನಾಯಕಿಯೂ ಆದವರು ಹುಯೆ ಎಂಬ ಊರಿನವರು. ಹಿಂದೆ ರಾಜರಿದ್ದ ಊರು, ಅರಮನೆ ಇದೆ. ಇದನ್ನು ಕೇಳಿದ ಮೇಲೆ ಮೈಸೂರಿನವರಾದ ನಮ್ಮ ಅತ್ತೆಗೆ ಅವರ ಮೇಲೆ ವಿಶೇಷ ಗೌರವ. ಕಾಲೇಜಿನಲ್ಲಿ ಭಾಷೆ ಕಲಿಸಿ ನಿವೃತ್ತರಾದವರು ಎಂದು ಹೇಳಿದ ಮೇಲಂತೂ ಅತ್ತೆ ಅವರಿಗೆ 'ಟೀಚರಮ್ಮ' ಎಂದೇ ಹೆಸರಿಟ್ಟರು. ಕೊಡ ಹಿಡಿದು ಹೋಗುವಾಗ ಅತ್ತೆ ಒಮ್ಮೆ ಬಗ್ಗಿ ಪರದೆಯ ಮುಂದೆ ಕೈ ಮುಗಿಯುತ್ತಿದ್ದರು, ಆ ಕಡೆಯಿಂದ ಟೀಚರಮ್ಮ ತಲೆ ಬಾಗಿಸಿ ನಗುತ್ತಿದ್ದರು. ಇಬ್ಬರ ಮಧ್ಯೆ ಒಂದು ಮಾತೂ ಇರಲಿಲ್ಲ, ಆದರೂ ಇದು ದಿನಾ ನಡೆಯುತ್ತಿತ್ತು.

ಉಳಿದ ಐವರೂ ಒಂದಲ್ಲ ಒಂದು ಕಾಲಕ್ಕೆ ಟೀಚರಮ್ಮನ ಕ್ಲಾಸಿನಲ್ಲಿ ಕೂತವರೇ. ಅವರನ್ನೆಲ್ಲ ಹುಡುಕಿ ತಂದವರೂ ಅವರೇ. ಮೊದಲ ಮೀಟಿಂಗಿನಲ್ಲೇ ಅವರು ನನ್ನ ವಯಸ್ಸು ಕೇಳಿದ್ದರು. ಕೇಳಿಕೊಂಡು, ನನ್ನನ್ನು ತಾವು ತಂಗಿ ಎನ್ನುವುದೆಂದೂ ಉಳಿದವರು ಅಕ್ಕ ಎನ್ನುವುದೆಂದೂ ತೀರ್ಮಾನ ಮಾಡಿಬಿಟ್ಟರು. ಅಲ್ಲಿಂದ ಮುಂದೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದರೂ ಅಕ್ಕ ತಂಗಿ ಮಾತ್ರ ಅವರ ಭಾಷೆಯದೇ. ನಾನು ಮ್ಯಾನೇಜರ್ ಎನ್ನುವುದು ಆಮೇಲಿನ ಮಾತು.

ಶುರುವಿನ ಕೆಲವು ವಾರ ನಾನು ಹಿಗ್ಗಿದ್ದೇ ಹಿಗ್ಗಿದ್ದು. ನಮ್ಮ ಆಫೀಸಿನಲ್ಲಿ ಬೇರೆ ಭಾಷೆಯ ಟೀಮುಗಳಲ್ಲಿ ಇಬ್ಬರು ಒಂದು ವಾಕ್ಯಕ್ಕೆ ಒಪ್ಪುವುದೇ ಕಷ್ಟ, ದಿನಾ ಜಗಳ. ನನ್ನ ವಿಯೆಟ್ನಾಮಿನವರು ಮಾತ್ರ ಸಾವಿರಗಟ್ಟಲೆ ವಾಕ್ಯಗಳಿಗೆ ಒಂದೇ ಬಾಯಲ್ಲಿ ಉತ್ತರ ಹೇಳಿದ ಹಾಗೆ ಕೊಡುತ್ತಿದ್ದರು. ವಿಕ್ರೋಳಿಯ ಆಫೀಸಿನ ಕ್ಯಾಂಟೀನಿನಲ್ಲಿ ಈ ವಿಷಯ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿಕೊಂಡೂ ಬಂದೆ. ಆಗ ಫೋರ್ಟ್‌ನಿಂದ ಕರೆ ಬಂತು.

ನಮ್ಮ ಕಂಪನಿಗೆ ಈ ಕೆಲಸ ಕೊಟ್ಟ ಕಂಪನಿಯ ಆಫೀಸು ಫೋರ್ಟ್‌ನಲ್ಲಿ. ಅಲ್ಲಿ ಗುಣಮಟ್ಟ ನೋಡುವವರು ಧಾರವಾಡದವರು. ಮೀಟಿಂಗಿನಲ್ಲಿ ಹಿಂದಿ, ಇಂಗ್ಲಿಷು ಆಡಿ, ಮುಗಿದ ಮೇಲೆ ಪಕ್ಕದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಕನ್ನಡಕ್ಕೆ ಇಳಿಯುವವರು. ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಕನ್ನಡದಲ್ಲಿ ಮಾತ್ರ. ಅವತ್ತು ಇಡ್ಲಿ ಬರುವ ಮುಂಚೆಯೇ ಶುರು ಮಾಡಿದರು.

"ಇಷ್ಟ ಛಲೋ ನಂಬರ್ ನೋಡಿದ್ರ ನನಗ ಹೆದರಿಕಿ ಆಗ್ತದ್ರಿ ಮೇಡಂ. ಗಂಡ ಹೆಂಡತಿ ನಡುವನೂ ಇಷ್ಟ ಒಮ್ಮತ ಇರೂದಿಲ್ಲ. ನಿಮ್ಮವರು ಒಬ್ರದ ನೋಡಿ ಒಬ್ರು ಬರೀಲಿಕ್ಕತ್ತಾರೇನು, ನೋಡ್ರಿ."

"ಛೆ, ಅವರು ಅಂಥವರಲ್ಲ" ಎಂದೆ. ಅಂದದ್ದೇನೋ ಅಂದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ದನಿ.

"ಅಂಥವರಲ್ಲ ಅಂತ ನನಗೂ ಅನಸ್ತದ. ಆದ್ರ ತಿಂಗಳ ಕೊನಿಯೊಳಗ ಬಗೀಹರೀಲಿಲ್ಲಂದ್ರ ಈ ಕೆಲಸ ಬ್ಯಾರೆ ಕಂಪನಿಗೆ ಹೋಗ್ತದ. ಮ್ಯಾಲಿನವರ ಮಾತು ಇದು, ನಂದಲ್ಲ."

ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಸೀಟು ಸಿಕ್ಕಿತ್ತು. ಕೂರಲಾಗಲಿಲ್ಲ, ಚೆಂಬೂರಿನವರೆಗೂ ಬಾಗಿಲ ಹತ್ತಿರ ನಿಂತೇ ಬಂದೆ. ಮಾರನೆಯ ಬೆಳಿಗ್ಗೆ ಟೀಚರಮ್ಮನನ್ನು ಒಬ್ಬರನ್ನೇ ಉಳಿಸಿಕೊಂಡು ಕೇಳಿದೆ. ಅವರು ಒಂದು ಕ್ಷಣವೂ ತಡವರಿಸಲಿಲ್ಲ. ನನ್ನ ಮೀಟಿಂಗಿಗೂ ಮೊದಲು ಅವರದೇ ಒಂದು ಮೀಟಿಂಗ್ ಇತ್ತು. ಆರೂ ಜನ ತಮ್ಮ ತಮ್ಮ ಮನೆಯಲ್ಲಿ ಟೀ ಲೋಟ ಹಿಡಿದು ಕರೆಯಲ್ಲಿ ಸೇರುತ್ತಿದ್ದರು. ದಿನದ ವಾಕ್ಯಗಳನ್ನು ಟೀಚರಮ್ಮ ಗಟ್ಟಿಯಾಗಿ ಓದುತ್ತಿದ್ದರು, ಕಷ್ಟದವುಗಳ ಬಗ್ಗೆ ಮಾತಾಡುತ್ತಿದ್ದರು, ಒಂದು ಒಪ್ಪಿಗೆಗೆ ಬಂದ ಮೇಲೆ ಎಲ್ಲರೂ ಹೋಗಿ ತಮ್ಮ ತಮ್ಮ ಪಾಲಿನದನ್ನು ಬರೆಯುತ್ತಿದ್ದರು.

"ನನ್ನ ವಿದ್ಯಾರ್ಥಿಗಳು ಮೊದಲೇ ಬರೆದು, ಅದು ನನ್ನದಕ್ಕಿಂತ ಬೇರೆಯಾಗಿಬಿಟ್ಟರೆ? ಅದು ಹಾಗೇ ಉಳಿದುಬಿಡುತ್ತದಲ್ಲ ತಂಗಿ. ಮಕ್ಕಳಿಗೆ ಎಷ್ಟು ನೋವಾಗಬೇಡ" ಎಂದರು. ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ನನಗೆ ಅರ್ಥವಾಗದೆ ಏನು. ನಮ್ಮ ಮನೆಯಲ್ಲಿ ಅತ್ತೆಗೆ ಜ್ವರ ಬಂದು ಹೋದ ಮೇಲೆ ನಾಲಿಗೆಗೆ ಉಪ್ಪಿನ ರುಚಿ ತಿಳಿಯುತ್ತಿರಲಿಲ್ಲ. ಹುಳಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನನ್ನ ಗಂಡ ತಲೆ ತಗ್ಗಿಸಿ ಊಟ ಮಾಡಿ, ಮೊಸರನ್ನಕ್ಕೆ ಬೇಗ ಹಾರುತ್ತಿದ್ದರು. "ಹೇಗಿದೆ?" ಎಂದು ಅತ್ತೆ ಕೇಳಿದರೆ ಇಬ್ಬರೂ ಚೆನ್ನಾಗಿದೆ ಎನ್ನುತ್ತಿದ್ದೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಟೀ ಮೀಟಿಂಗ್ ನಿಲ್ಲಿಸಿ ಎಂದು ಹೇಳಬೇಕಾಯಿತು. ವಾಕ್ಯಗಳನ್ನು ಕಲಸಿ ಹಂಚುವ ಏರ್ಪಾಡು ಮಾಡಿದೆ. ಬರೆದವರ ಹೆಸರು ತೆಗೆದು ನಂಬರ್ ಕೊಟ್ಟೆ, ಯಾರಿಗೂ ತಮ್ಮದಲ್ಲದೆ ಇನ್ನೊಬ್ಬರ ನಂಬರ್ ಗೊತ್ತಿಲ್ಲ. ಹೀಗೆ ಮಾಡಿದರೆ ಟೀಚರಮ್ಮನ ವಿರುದ್ಧ ಬರೆದೆ ಎಂಬ ಸಂಕಟ ಯಾರಿಗೂ ಇರುವುದಿಲ್ಲ ಎಂದು ವಿವರಿಸಿದೆ. ಟೀಚರಮ್ಮ ಗಮನವಿಟ್ಟು ಕೇಳಿ ಆಗಲಿ ಎಂದರು. ಆಮೇಲೆ, "ಹಾಗಾದರೆ ಬೆಳಿಗ್ಗೆ ಟೀ ನಾನು ಒಬ್ಬಳೇ ಕುಡಿಯಬೇಕು" ಎಂದು ನಗುತ್ತಲೇ ಅಂದರು. ನನಗೆ ಆ ನಗು ಇಡೀ ದಿನ ಚುಚ್ಚಿತು.

ಔಷಧ ಕೆಲಸ ಮಾಡಿತು. ಭಿನ್ನಾಭಿಪ್ರಾಯಗಳು ಬೇಕಾದಷ್ಟು ಬಂದವು. ತಿಂಗಳ ಕೊನೆ ಬಂತು, ಹೋಯಿತು, ಕೆಲಸ ನಮ್ಮಲ್ಲೇ ಉಳಿಯಿತು. ಉಸಿರು ಬಿಡುವಷ್ಟರಲ್ಲಿ ಧಾರವಾಡದವರ ಫೋನು. ಕುರ್ಲಾದಲ್ಲಿ ಹಾರ್ಬರ್ ಗಾಡಿ ಇಳಿದು ವಿಕ್ರೋಳಿಯ ಗಾಡಿಗೆ ಸೇತುವೆ ಹತ್ತುತ್ತಿದ್ದೆ, ಆ ನೂಕುನುಗ್ಗಲಿನಲ್ಲೇ ಕಿವಿಗೆ ಫೋನ್ ಒತ್ತಿಕೊಂಡೆ.

"ಎಲ್ಲಾ ಸರಿ ಆತ್ರಿ. ಆದ್ರ ಆ ನಾಲ್ಕನೇ ನಂಬರ್ ಯಾರೋ ಏನೋ, ಯಾರ ಜೋಡಿನೂ ಕೂಡೂದಿಲ್ಲ. ಬರೇ ತಮಾಷಿ ಇದ್ದದ್ದಕ್ಕೂ ಅವಮಾನ ಅಂತ ಬರೀತಾರ. ಅವರನ್ನ ತಗದಬಿಡ್ರಿ. ಒಬ್ರ ಸಲುವಾಗಿ ಐದು ಮಂದಿ ಕೆಲಸ ಹಾಳು ಮಾಡ್ಕೋಬ್ಯಾಡ್ರಿ."

ಯಾವ ನಂಬರ್ ಯಾರದೆಂದು ಗೊತ್ತಿದ್ದವಳು ನಾನೊಬ್ಬಳೇ. ನಾಲ್ಕನೆಯದು ಟೀಚರಮ್ಮನದು. ಸೇತುವೆಯ ಮೇಲೆ ನಿಂತುಬಿಟ್ಟೆ. ಹಿಂದಿದ್ದವರು ಬೈದುಕೊಂಡು ಬಳಸಿ ಹೋದರು.

ಟೀಚರಮ್ಮ ಓದುತ್ತಿದ್ದದ್ದೇ ಹಾಗೆ. ಒಬ್ಬ ಹಳೆಯ ಗಾಯಕನ ವಿಡಿಯೋ ಕೆಳಗೆ ಯಾರೋ ಬರೆದಿದ್ದರು: "ಅಜ್ಜಾ, ಹಾಡಿದ್ದು ಸಾಕು, ಹೋಗಿ ಮಲಗು." ಅದನ್ನು ನೋಡಿದ ಇನ್ನಿಬ್ಬರೂ ತಮಾಷೆ ಎಂದರು, ಅಲ್ಲಿ ಬರೆದವರೂ ನಗುತ್ತಲೇ ಬರೆದಿದ್ದರು. ಟೀಚರಮ್ಮ ಅವಮಾನ ಎಂದು ಗುರುತು ಹಾಕಿದ್ದರು. ವಯಸ್ಸಾದವರಿಗೆ ಹುಡುಗರು ಹಾಗೆ ಹೇಳಬಾರದು ಎನ್ನುವುದು ಅವರ ಲೋಕ. ಆ ಲೋಕ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಂಟರ್ನೆಟ್ಟಿನ ಹುಡುಗರ ಮಾತನ್ನು ಅಳೆಯಬೇಕಾದ ಕೆಲಸಕ್ಕೆ ಅದು ಹೊಂದುತ್ತಿರಲಿಲ್ಲ, ಅದೂ ನಿಜ.

ಹೇಳುವುದು ಹೇಗೆ? ಅವರ ಟೀಮು, ಅವರು ಕಟ್ಟಿದ್ದು. ಅವರನ್ನೇ ಹೊರಗೆ ಕಳಿಸಬೇಕು. ಒಂದಿಡೀ ವಾರ ನೆಪ ಹುಡುಕಿದೆ. ಮೀಟಿಂಗಿನಲ್ಲಿ ಅವರ ಚೌಕ ನೋಡದೆ ಉಳಿದ ಐದನ್ನು ನೋಡಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡು, ಕೊನೆಗೆ ಟೀಚರಮ್ಮನ ನಂತರದ ಜಾಗದಲ್ಲಿದ್ದ ಉಪನಾಯಕಿಗೆ ಫೋನ್ ಮಾಡಿದೆ. ಮದುವೆಯಾಗಿ ಹನೋಯ್‌ನಲ್ಲಿ ನೆಲೆಸಿದ ಜಾಣೆ ಆಕೆ. ಹೆಸರು ಹೇಳಲಿಲ್ಲ. ನಾಲ್ಕನೇ ನಂಬರನ್ನು ತೆಗೆಯಬೇಕೆಂದು ಒತ್ತಡವಿದೆ, ಮುಂದಿನ ಕಂತಿನ ವಾಕ್ಯಗಳವರೆಗೆ ಸಮಯ ಕೇಳಿದ್ದೇನೆ, ಏನು ಮಾಡೋಣ ಎಂದೆ. ಆಕೆ "ತಿಳಿಯಿತು ಅಕ್ಕ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಮುಂದಿನ ಕಂತು ಬಂತು. ನಾಲ್ಕನೇ ನಂಬರಿನ ಉತ್ತರಗಳಿಗೂ ಉಳಿದವರ ಉತ್ತರಗಳಿಗೂ ಎಂಥ ಹೊಂದಾಣಿಕೆ! ಟೀಚರಮ್ಮ ಬದಲಾಗಿರಬೇಕು ಎಂದು ಖುಷಿಯಿಂದ ತೆಗೆದು ನೋಡಿದರೆ ಅವರು ಎಳ್ಳಷ್ಟೂ ಬದಲಾಗಿರಲಿಲ್ಲ. ಬದಲಾದವರು ಉಳಿದ ಐವರು. ಮತ್ತೆ ಟೀ ಮೀಟಿಂಗ್ ಶುರು ಮಾಡಿದಿರಾ ಎಂದು ಉಪನಾಯಕಿಯನ್ನು ಕೇಳಿದೆ, ಕೇಳುವಾಗ ದನಿ ಏರಿತ್ತು.

"ಇಲ್ಲ ಅಕ್ಕ. ನಾವು ಐವರೂ ನಮ್ಮ ನಮ್ಮ ನಂಬರ್ ಹೇಳಿಕೊಂಡೆವು. ನಾಲ್ಕು ನಮ್ಮಲ್ಲಿ ಯಾರದೂ ಅಲ್ಲ ಎಂದು ಗೊತ್ತಾಯಿತು. ಆಮೇಲೆ ಯಾರೂ ಯಾರ ಜೊತೆಗೂ ಮಾತಾಡಿಲ್ಲ. ಪ್ರತಿ ವಾಕ್ಯ ಓದುವಾಗ, ಇದಕ್ಕೆ ಟೀಚರ್ ಏನು ಹೇಳುತ್ತಾರೆ ಎಂದು ಯೋಚಿಸಿದೆವು. ಅದನ್ನೇ ಬರೆದೆವು. ಹಾಗೆ ಮಾಡಬಾರದು ಎಂದು ನಿಯಮದಲ್ಲಿಲ್ಲ."

ನಿಜ, ಇರಲಿಲ್ಲ. ನಾನು ಗೋಡೆ ಕಟ್ಟಿದ್ದು ಅವರ ಪರದೆಗಳ ನಡುವೆ. ಅವರು ವರ್ಷಗಟ್ಟಲೆ ಟೀಚರಮ್ಮನ ಎದುರು ಬೆಂಚಿನ ಮೇಲೆ ಕೂತು ಬಂದವರು, ಆಕೆ ಎಲ್ಲಿ ನಗುತ್ತಾರೆ, ಎಲ್ಲಿ ಮುಖ ಗಂಟಿಕ್ಕುತ್ತಾರೆ ಎಂದು ಬಾಯಿಪಾಠವಾಗಿತ್ತು. ಕೋಪ ಬಂತು. ಬೈಯಲು ಹೊರಟವಳು ಫೋನ್ ಇಟ್ಟುಬಿಟ್ಟೆ. ನನಗೆ ಕಲಿಸಿದ ಯಾರ ಮನಸ್ಸನ್ನೂ ನಾನು ಅಷ್ಟು ಚೆನ್ನಾಗಿ ಓದಿಕೊಂಡವಳಲ್ಲ.

ಐವರ ಊಹೆ ಅಲ್ಲಲ್ಲಿ ತಪ್ಪಿದ್ದರಿಂದ ಒಮ್ಮತ ಮೊದಲಿನಷ್ಟು ಅನುಮಾನ ಹುಟ್ಟಿಸುವಂತಿರಲಿಲ್ಲ, ಫೋರ್ಟ್‌ನವರಿಗೆ ಖುಷಿ. "ನಾಲ್ಕನೇ ನಂಬರ್ ಸುಧಾರಿಸ್ಯಾರ್ರಿ, ಇರಲಿ ಬಿಡ್ರಿ" ಎಂದರು. ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಯಂತ್ರ ಮಾತ್ರ ಆರು ಜನರ ಹೆಸರಿನಲ್ಲಿ ಒಬ್ಬರ ಮನಸ್ಸನ್ನು ಕಲಿಯುತ್ತಿತ್ತು. ನನಗೆ ಊಟ ಸೇರಲಿಲ್ಲ. ಭಾನುವಾರ ಅತ್ತೆ ಕರಿಬೇವು ಬಿಡಿಸುತ್ತ ಕೂತಿದ್ದಾಗ ಎಲ್ಲ ಹೇಳಿದೆ, ಹೇಳುವಾಗಲೂ ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುತ್ತಿದ್ದೆ.

"ಅವರು ಉಳ್ಕೊಂಡ್ರಲ್ಲ, ಮತ್ತೆ ನಿಂದೇನು ಟೆನ್ಶನ್?"

"ಅವರಿಗೆ ಗೊತ್ತಿಲ್ಲ ಅತ್ತೆ."

"ಗೊತ್ತಾಗುತ್ತೆ ಬಿಡು. ವಯಸ್ಸಾದೋರಿಗೆ ಕಣ್ಣು ಕಾಣದಿದ್ರೂ ಇದೊಂದು ಬೇಗ ಗೊತ್ತಾಗುತ್ತೆ. ನಮ್ಮ ಜೊತೆ ಜಗಳ ಆಡೋದು ನಿಲ್ಲಿಸಿದ್ರು ಅಂದ್ರೆ, ಇನ್ನು ನಮ್ಮನ್ನ ಲೆಕ್ಕಕ್ಕಿಟ್ಟಿಲ್ಲ ಅಂತ." ಕಡ್ಡಿಗಳನ್ನು ಒಟ್ಟು ಮಾಡಿ ಕಚ್ರಾ ಡಬ್ಬಿಗೆ ಹಾಕಿದರು. "ನೀನು ಮದುವೆಯಾಗಿ ಬಂದ ಹೊಸದರಲ್ಲಿ ಎಷ್ಟು ಜಗಳ ಆಡ್ತಿದ್ದೆ ನನ್ನ ಜೊತೆ."

ನಾನು ಬಾಲ್ಕನಿಯಲ್ಲೇ ನಿಂತುಕೊಂಡೆ. ರಿಫೈನರಿ ಕಡೆಯ ಗಾಳಿ ಬೀಸುತ್ತಿತ್ತು, ಅದೇ ನೆಪದಲ್ಲಿ ಇನ್ನೂ ಒಣಗದ ಬಟ್ಟೆಯನ್ನೆಲ್ಲ ತೆಗೆದೆ.

ಅತ್ತೆ ಹೇಳಿದ ಹಾಗೇ ಆಯಿತು. ತೀರ್ಮಾನವಾಗಿ ಮುಗಿದ ವಾಕ್ಯಗಳನ್ನು, ನಂಬರುಗಳಿಲ್ಲದೆ, ಕೊನೆಗೊಮ್ಮೆ ಓದಿ ನೋಡುವುದು ಟೀಚರಮ್ಮನ ಕೆಲಸವೇ ಆಗಿತ್ತು. ಆ ವಾರ ಮೀಟಿಂಗ್ ಮುಗಿದ ಮೇಲೆ ಅವರೇ ನನ್ನನ್ನು ಉಳಿಸಿಕೊಂಡರು.

"ತಂಗಿ, ಈಗ ಎಲ್ಲ ವಾಕ್ಯಗಳೂ ನಾನೇ ಬರೆದ ಹಾಗಿವೆ. ಈ ಮಕ್ಕಳು ಹೀಗೆ ಯೋಚಿಸುವವರಲ್ಲ. ನಾನು ಕಲಿಸಿದವರು, ನನಗೆ ಗೊತ್ತು. ನನಗೆ ಏನೋ ಆಗುವುದರಲ್ಲಿತ್ತು, ಅವರು ಅಡ್ಡ ನಿಂತಿದ್ದಾರೆ. ಹೌದೇ?"

ಸುಳ್ಳು ಹೇಳಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೊಡ ಹಿಡಿದು ನಿಂತಿದ್ದರು. ಅವರಿಗೆ ನಮ್ಮ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಗುತ್ತಿತ್ತು. ಹೌದು ಎಂದೆ. ಫೋರ್ಟ್‌ನವರು ತೆಗೆಯಿರಿ ಎಂದದ್ದು ಅವರ ನಂಬರನ್ನೇ ಎಂದೂ, ಅವರದು ಯಾರದಕ್ಕೂ ಹೊಂದುತ್ತಿರಲಿಲ್ಲವೆಂದೂ ಹೇಳಿದೆ.

ಅವರು ಕನ್ನಡಕ ತೆಗೆದು ಸೆರಗಿಲ್ಲದ ತಮ್ಮ ಅಂಗಿಯ ತುದಿಯಲ್ಲಿ ಒರೆಸಿದರು. "ಇಷ್ಟು ವರ್ಷ ಕ್ಲಾಸಿನಲ್ಲಿ ಯಾರೂ ನನಗೆ ಇಲ್ಲ ಎಂದಿರಲಿಲ್ಲ. ನಾನು ಹೇಳುವುದೆಲ್ಲ ಸರಿ ಎಂದೇ ತಿಳಿದಿದ್ದೆ" ಎಂದರು. ನಾನು ಬೇರೆ ಕೆಲಸ ಕೊಡಿಸುತ್ತೇನೆ, ಇದೇ ಟೀಮಿನಲ್ಲಿ ಗುರುತು ಹಾಕುವುದು ಬಿಟ್ಟು ಇನ್ನೇನಾದರೂ ಮಾಡಬಹುದು ಎಂದು ಬಡಬಡಿಸಿದೆ. ಅವರು ಬೇಡವೆಂದು ತಲೆಯಾಡಿಸಿದರು. "ನಾನು ಎಲ್ಲಿ ಕೂತರೂ ಅವರು ನನ್ನ ಕಡೆ ನೋಡಿಯೇ ಬರೆಯುತ್ತಾರೆ. ನಾನು ಹೋಗಬೇಕು ತಂಗಿ. ಆದರೆ ನಾಳೆ ನನಗೊಂದು ಮೀಟಿಂಗ್ ಬೇಕು, ಟೀ ಜೊತೆಗೆ."

ಮಾರನೆಯ ಬೆಳಿಗ್ಗೆ ಆರು ಚೌಕಗಳಲ್ಲೂ ಟೀ ಲೋಟಗಳಿದ್ದವು. ನಾನೂ ಒಂದು ಲೋಟ ಹಿಡಿದು ಕೂತೆ, ಆ ದಿನ ಏಳಲಿಲ್ಲ. ಟೀಚರಮ್ಮ ತಾವು ಹೋಗುವ ವಿಷಯ ಮೊದಲೇ ಹೇಳಿಬಿಟ್ಟರು. ಆಮೇಲೆ ಕಾಗದವನ್ನೇನೂ ನೋಡದೆ ಒಂದು ವಾಕ್ಯ ಹೇಳಿದರು. ನನಗೆ ತಿಳಿಯಲೆಂದು ಇಂಗ್ಲಿಷಿನಲ್ಲೂ ಹೇಳಿದರು. ಅದೇ ವಾಕ್ಯ: ಅಜ್ಜಾ, ಹಾಡಿದ್ದು ಸಾಕು, ಹೋಗಿ ಮಲಗು.

"ಇದು ಅವಮಾನ ಎಂದು ನಾನು ಹೇಳುತ್ತೇನೆ. ಈಗ ನೀವು ಒಬ್ಬೊಬ್ಬರಾಗಿ ಹೇಳಿ. ನನ್ನ ಮುಖ ನೋಡಿ ಹೇಳಬೇಕು."

ಐವರೂ ತಮ್ಮ ತಮ್ಮ ಲೋಟದ ಟೀ ನೋಡಿದರು. ಕೊನೆಗೆ ಉಪನಾಯಕಿ ತಲೆಯೆತ್ತಿದಳು. "ಅಲ್ಲ ಟೀಚರ್" ಎಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಐವರೂ ಅಲ್ಲ ಎಂದರು. ಪ್ರತಿ ಸಲವೂ ಟೀಚರಮ್ಮ ಹಾಜರಿ ಕೂಗಿದವರ ಹಾಗೆ ತಲೆ ಆಡಿಸಿದರು. "ಚೆನ್ನಾಗಿ ಹೇಳಿದಿರಿ" ಎಂದು ಟೀ ಕುಡಿದು ಮುಗಿಸಿದರು. ಹೋಗುವ ಮುಂಚೆ ನನ್ನ ಹಿಂದೆ ಏನನ್ನೋ ಹುಡುಕಿದರು. ಅತ್ತೆಯನ್ನು ಕರೆದೆ. ಅತ್ತೆ ಕೈ ಮುಗಿದರು, ಅವರು ತಲೆ ಬಾಗಿಸಿದರು, ಚೌಕ ಮುಚ್ಚಿತು. ಉಳಿದ ಐದು ಚೌಕಗಳು ದೊಡ್ಡದಾಗಿ ಹರಡಿಕೊಂಡು ಆ ಜಾಗ ತುಂಬಿಸಿದವು.

ಅವತ್ತು ರಾತ್ರಿಯ ಊಟಕ್ಕೆ ನುಗ್ಗೇಕಾಯಿ ಹುಳಿ. ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ಕಲಸುತ್ತ, "ಅತ್ತೆ, ಹುಳಿಗೆ ಉಪ್ಪು ಜಾಸ್ತಿ ಆಗಿದೆ" ಎಂದೆ.

ಅತ್ತೆ ಸೌಟು ಕೆಳಗಿಟ್ಟರು. "ಇವತ್ತಾ?"

"ಇಲ್ಲ. ಸುಮಾರು ದಿನದಿಂದ."

ಅತ್ತೆ ಮಗನ ಕಡೆ ನೋಡಿದರು. ನನ್ನ ಗಂಡ ತಟ್ಟೆಯಲ್ಲಿ ಏನೋ ಕಳೆದುಕೊಂಡವರ ಹಾಗೆ ಹುಡುಕುತ್ತಿದ್ದರು. ಅತ್ತೆ ಮೊಸರು ಬಡಿಸಿ ಒಳಗೆ ಹೋದರು. ಮಲಗುವವರೆಗೂ ನಾನು ಪಾತ್ರೆ, ಫೋನು, ಬಾಗಿಲ ಚಿಲಕ ಎಂದು ಮನೆಯೆಲ್ಲ ತಿರುಗಿದೆ.

ಮಾರನೆಯ ದಿನದ ಹುಳಿಗೆ ಅತ್ತೆ ಉಪ್ಪೇ ಹಾಕಿರಲಿಲ್ಲ. ಉಪ್ಪಿನ ಡಬ್ಬಿಯನ್ನು ತಂದು ನನ್ನ ತಟ್ಟೆಯ ಪಕ್ಕ ಕುಕ್ಕಿದರು. "ನೀನೇ ಹಾಕು. ಎಲ್ಲರಿಗೂ" ಎಂದರು. ನಾನು ನನ್ನ ತಟ್ಟೆಗೆ ಒಂದು ಚಿಟಿಕೆ ಹಾಕಿಕೊಂಡೆ, ಗಂಡನ ತಟ್ಟೆಗೆ ಒಂದು ಚಿಟಿಕೆ. ಮೂರನೆಯ ಚಿಟಿಕೆ ಹಿಡಿದು ಅತ್ತೆಯ ತಟ್ಟೆಯ ಮೇಲೆ ಕೈ ಚಾಚಿದೆ, ಉಪ್ಪಿನ ರುಚಿಯೇ ತಿಳಿಯದ ಆ ನಾಲಿಗೆಗೆ ಎಷ್ಟು ಹಾಕಬೇಕೆಂದು ಗೊತ್ತಾಗದೆ ಹಾಗೇ ಹಿಡಿದು ಕೂತೆ. ಅವರು ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.